ಹುಳುಮನೆಯ ಫ್ಯೂಯಲ್ ಪಂಪಿನ ಸನ್ನಿಧಾನಕ್ಕೆ

ದಿಬ್ಬೂರಹಳ್ಳಿ,
ಶಿಡ್ಲಘಟ್ಟ ತಾಲ್ಲೂಕು.

ಗೆ,
ಶ್ರೀ ಎಲೆಕ್ಟ್ರಿಕ್ ಫ್ಯೂಯಲ್ ಪಂಪು ಅವರು,
ಬಲಗಡೆಯ ಹಿಂಚಕ್ರದ ಪಕ್ಕ, ಕೆಸರು ಸಿಡಿಯುವ ಜಾಗ,
ಹಸಿರು ಬಣ್ಣದ ಎರಡು ಸೀಟಿನ ಸ್ಪೋರ್ಟ್ಸ್ ಕಾರು.

ವಿಷಯ: ತಾವು ಕೆರೆ ಏರಿಯ ಮೇಲೆ ಕೈಗೊಂಡ ಮೌನವ್ರತದ ಬಗ್ಗೆ.

ಮಾನ್ಯರೇ,

ತಮ್ಮ ಪಾದಾರವಿಂದಗಳಿಗೆ ಎಂದು ಬರೆಯೋಣವೆಂದರೆ ತಮಗೆ ಪಾದಗಳಿಲ್ಲ, ಕರಕಮಲಗಳಿಗೆ ಎನ್ನೋಣವೆಂದರೆ ಕೈಗಳೂ ಇಲ್ಲ. ಆದ್ದರಿಂದ ಕರೆಂಟು ಬರುವ ದಾರಿಯದೊಂದು, ಹೋಗುವ ದಾರಿಯದೊಂದು ಎಂದು ತಮಗಿರುವ ಎರಡು ತಂತಿಗಳಿಗೂ ಸಮನಾಗಿ ನಮಸ್ಕರಿಸಿ ಈ ಬಹಿರಂಗ ಪತ್ರವನ್ನು ಆರಂಭಿಸುತ್ತೇನೆ. ಸಮನಾಗಿ ಎಂಬ ಮಾತನ್ನು ಬೇಕೆಂದೇ ಬರೆದಿದ್ದೇನೆ. ಇಷ್ಟು ದಿನ ಒಂದು ತಂತಿಗೆ ಮಾತ್ರ ಕೈಮುಗಿದು ಇನ್ನೊಂದನ್ನು ಕಡೆಗಣಿಸಿದ್ದರ ಫಲವನ್ನು ಮೊನ್ನೆ ನನ್ನ ಅಕ್ಕನ ಎದುರು, ಟೊಮೇಟೊ ತುಂಬಿದ ಟೆಂಪೊ ಒಂದರ ಸಾಕ್ಷಿಯಲ್ಲಿ, ಬಿಸಿಬಿಸಿಯಾಗಿ ಉಂಡಿದ್ದೇನೆ.

ತಮ್ಮನ್ನು ಅರಿಯದ ಇತರ ಓದುಗರಿಗಾಗಿ ಒಂದು ಕಿರುಪರಿಚಯ. ತಾವು ಊರ ಹೊರಗೆ ಬಾವುಟ ಹಾರಿಸಿಕೊಂಡು ಪೆಟ್ರೋಲು ಮಾರುವ ಬಂಕು ಅಲ್ಲ. ಕಾರಿನ ಹೊಟ್ಟೆಯ ಕೆಳಗೆ, ಹಿಂದಿನ ಟ್ಯಾಂಕಿನಿಂದ ಮುಂದಿನ ಎಂಜಿನ್ನಿಗೆ ಪೆಟ್ರೋಲನ್ನು ತಳ್ಳಿಕೊಡುವ, ತೆಂಗಿನಕಾಯಿ ಗಾತ್ರದ ಒಬ್ಬ ಹಿರಿಯ ನೌಕರರು. ಬೀಗದ ಕೈ ತಿರುಗಿಸಿದೊಡನೆ ತಾವು ಟಿಕ್ ಟಿಕ್ ಎಂದು ಹಾಜರಿ ಹಾಕುತ್ತೀರಿ, ಹೊಟ್ಟೆ ತುಂಬಿದ ಮೇಲೆ ನಿಧಾನವಾಗುತ್ತೀರಿ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತು ಬಂದ ನನಗೆ ತಮ್ಮ ಈ ಲಯ ಎಷ್ಟು ಆತ್ಮೀಯವೆಂದರೆ, ಮೊದಲ ಸಲ ಕೇಳಿದಾಗಲೇ ಇವರು ನಮ್ಮವರು ಎನ್ನಿಸಿತ್ತು.

ನನ್ನ ಪರಿಚಯವೂ ಆಗಬೇಕಲ್ಲ. ನಾನು ಆವುಲಪ್ಪ, ರೇಷ್ಮೆ ಇಲಾಖೆಯಲ್ಲಿ ರೈತರಿಗೆ ಹುಳು ಸಾಕಣೆಯ ಪಾಠ ಹೇಳುವ ಕೆಲಸದಲ್ಲಿದ್ದು ನಿವೃತ್ತನಾದವನು. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ನಾನು ಭಾಷಣ ಮಾಡದ ಹುಳುಮನೆ ಇಲ್ಲ. ಒಂದು ಬೆಳೆ ಮುಗಿದು ಇನ್ನೊಂದು ಬೆಳೆಗೆ ಮರಿಹುಳು ತರುವ ಮೊದಲು ಖಾಲಿ ಮನೆಗೆ ಬ್ಲೀಚಿಂಗ್ ಪುಡಿಯ ನೀರು ಹೊಡೆದು ರೋಗ ಕಳೆಯಬೇಕು ಎಂಬುದು ನನ್ನ ಪಾಠದ ಸಾರ, ಅದು ರೈತರ ತಲೆಯಲ್ಲಿ ಕೂರಲೆಂದು ನಾನೇ ಒಂದು ಘೋಷಣೆಯನ್ನು ಕಟ್ಟಿದ್ದೆ: "ಒಳಗೆ ಇದ್ದದ್ದಕ್ಕೆಲ್ಲ ಔಷಧಿ, ಮೇಲೂ ಕೆಳಗೂ ಸಂದಿಗೂ, ಮುಚ್ಚಿಟ್ಟ ಜಾಗದಲ್ಲೇ ರೋಗ ಇರೋದು." ಸಭೆಗಳಲ್ಲಿ ಇದನ್ನು ಮೂರು ಸಲ ಹೇಳಿಸುತ್ತಿದ್ದೆ. ಹೇಳದೆ ಬೀಡಿ ಹಚ್ಚಲು ಎದ್ದುಹೋದವರನ್ನು ವಾಪಸು ಕರೆಸಿ ಹೇಳಿಸುತ್ತಿದ್ದೆ. ಈ ಜಿಲ್ಲೆಯಲ್ಲಿ ಜನ ನನ್ನ ಹೆಸರು ಮರೆತಿರಬಹುದು, ಘೋಷಣೆಯನ್ನು ಮರೆತಿಲ್ಲ. ನಿವೃತ್ತಿಯ ನಂತರ ನನಗಿದ್ದ ಹೆಮ್ಮೆ ಅದೊಂದೇ.

ಇಂಥ ಹುಳುವಿನ ಮನುಷ್ಯನಿಗೆ ಟಾಪು ತೆಗೆದಿಟ್ಟು ಓಡಿಸುವ ಇಂಗ್ಲಿಷ್ ಕಾರು ಯಾಕೆ ಎಂದು ತಾವು ಕೇಳಬಹುದು. ತಾವೊಬ್ಬರೇ ಕೇಳಿಲ್ಲ, ಮಿಕ್ಕವರೆಲ್ಲ ಕೇಳಿದ್ದಾರೆ. ನಾನು ಎರಡನೆಯ ಕ್ಲಾಸಿನಲ್ಲಿದ್ದಾಗ ಚಿಕ್ಕಬಳ್ಳಾಪುರದ ರಸ್ತೆ ಬದಿಯಲ್ಲಿ, ಆಗಸ್ಟ್ ಹದಿನೈದಕ್ಕೆಂದು ಒಗೆದು ಹಾಕಿಕೊಂಡ ಬಿಳಿ ಅಂಗಿಯಲ್ಲಿ ನಿಂತಿದ್ದೆ. ಇಂಥದೇ ಹಸಿರು ಕಾರೊಂದು ನಂದಿಯ ಕಡೆಗೆ ಹೋಗುತ್ತ, ನನ್ನ ಮೇಲೆ ಆ ದಾರಿಯ ಧೂಳನ್ನೆಲ್ಲ ಎರಚಿ, ತಿರುಗಿಯೂ ನೋಡದೆ ಮಾಯವಾಯಿತು. ಬುದ್ಧಿವಂತ ಹುಡುಗನಾಗಿದ್ದರೆ ಅಂದು ಅಂಥ ಕಾರುಗಳನ್ನು ದ್ವೇಷಿಸಲು ಕಲಿಯುತ್ತಿದ್ದ. ನಾನು ಬೆಳೆದ ಮೇಲೆ ಅಂಥದೇ ಕಾರಿನಲ್ಲಿ ಕೂತು ಬೇರೆಯವರ ಮೇಲೆ ಧೂಳು ಎರಚುತ್ತೇನೆಂದು ಶಪಥ ಮಾಡಿದೆ. ನಿವೃತ್ತಿಯ ಮರುತಿಂಗಳೇ ಕೋಲಾರದ ಕಡೆಯ ಒಂದು ಹಳೆಯ ಬಂಗಲೆಯ ಕೊಟ್ಟಿಗೆಯಿಂದ, ಕೋಳಿಗಳನ್ನು ಎಬ್ಬಿಸಿ, ತಮ್ಮನ್ನು ತಮ್ಮ ವಾಹನ ಸಮೇತ ಮನೆಗೆ ತಂದೆ. ಅಂದಿನಿಂದ ಇಂದಿನವರೆಗೆ ಧೂಳು ಬೀಳುತ್ತಿರುವುದು ನಿಂತ ಕಾರನ್ನು ತಳ್ಳುವ ನನ್ನ ಮೇಲೆಯೇ.

ಕಾರು ಬಂತು, ನಿಲ್ಲಿಸಲು ಜಾಗವಿರಲಿಲ್ಲ. ಆಗ ಆಶ್ರಯ ಕೊಟ್ಟವಳು ನನ್ನ ಅಕ್ಕ ಗಂಗುಲಮ್ಮ. ಹುಳು ಸಾಕುವುದರಲ್ಲಿ ಇಡೀ ಊರಿಗೆ ಮೇಲಾದ ಅವಳು ತನ್ನ ಹುಳುಮನೆಯನ್ನು ತಮಗೆ ಬಿಟ್ಟುಕೊಟ್ಟಳು, ಆದರೆ ಒಂದು ಒಪ್ಪಂದದ ಮೇಲೆ. ಪೆಟ್ರೋಲಿನ ವಾಸನೆ ಹುಳುವಿಗೆ ಆಗದು. ಆದ್ದರಿಂದ ಹುಳು ಇರುವಷ್ಟು ದಿನ ಕಾರು ಹೊರಗೆ ಹುಣಸೆ ಮರದ ಕೆಳಗೆ, ಬೆಳೆ ಮುಗಿದು ಮನೆ ಖಾಲಿಯಾದಾಗ ಕಾರು ಒಳಗೆ. ಈ ಏರ್ಪಾಡನ್ನು ನಾನು ಸ್ನೇಹಿತರಲ್ಲಿ ಬಹಳ ಕೊಚ್ಚಿಕೊಂಡಿದ್ದೆ. ನೆಲಕ್ಕೆ ಸಿಮೆಂಟು, ಕಿಟಕಿಗೆ ಜಾಲರಿ, ಇಲಿಯ ಕಾಟವಿಲ್ಲ. ಬೆಂಗಳೂರಿನ ಶ್ರೀಮಂತರ ಕಾರುಗಳಿಗೂ ಇಂಥ ವಾಸ್ತವ್ಯವಿಲ್ಲ ಎಂದು ಹೇಳುತ್ತಿದ್ದೆ. ಅದು ಎಷ್ಟು ನಿಜವೆಂದು ಈಗ ತಿಳಿದಿದೆ.

ಇನ್ನು ತಮ್ಮ ಸೇವಾಚರಿತ್ರೆ. ಹುಳುಮನೆಗೆ ಬಂದು ಒಂದೆರಡು ಬೆಳೆ ಕಳೆಯುವುದರೊಳಗೆ ತಾವು ಹೇಳದೆ ಕೇಳದೆ ರಜೆ ಹಾಕುವುದನ್ನು ಕಲಿತಿರಿ. ಅಲೀಪುರದ ಗೆಳೆಯರ ಮನೆಯ ಮದುವೆಗೆ ಹೊರಟಾಗ ನಡುದಾರಿಯಲ್ಲಿ ಸುಮ್ಮನಾಗಿ, ಬಿರಿಯಾನಿಯ ಹಂಡೆಗಳನ್ನು ತೊಳೆದು ಬೋರಲು ಹಾಕುವ ಹೊತ್ತಿಗೆ ನನ್ನನ್ನು ತಲುಪಿಸಿದಿರಿ. ಗೌರಿಬಿದನೂರಿನ ರೈಲ್ವೆ ಗೇಟು ತೆರೆದ ಕ್ಷಣದಲ್ಲಿ ನಿಂತು, ಹಿಂದಿನ ಬಸ್ಸಿನವರು ನನ್ನ ವಂಶದ ಬಗ್ಗೆ ನನಗೇ ತಿಳಿಯದ ಸಂಗತಿಗಳನ್ನು ಹೇಳುವಂತೆ ಮಾಡಿದಿರಿ. ಆದರೆ ತಮ್ಮ ನಿಷ್ಠೆಯನ್ನು ಮೆಚ್ಚಲೇಬೇಕು, ತಪಾಸಣೆಯ ದಿನ ತಾವು ಎಂದೂ ಗೈರುಹಾಜರಾಗಿಲ್ಲ. ಶಿಡ್ಲಘಟ್ಟದಲ್ಲಿ ಟ್ರ್ಯಾಕ್ಟರುಗಳ ವೈರಿಂಗ್ ಮಾಡುವ ರಮೇಶ್‌ಬಾಬುವಿನ ಅಂಗಡಿಯ ಮುಂದೆ ನಿಂತೊಡನೆ, ಮಂತ್ರಿಗಳ ಎದುರು ನಿಂತ ಗುಮಾಸ್ತರಂತೆ, ಎಷ್ಟು ಚುರುಕಾಗಿ ಟಿಕ್ಕೆನ್ನುತ್ತಿದ್ದಿರಿ!

ರಮೇಶ್‌ಬಾಬು ತಮ್ಮ ಬಗ್ಗೆ ಪಟ್ಟ ಶ್ರಮವನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಅವನು ಫ್ಯೂಸು ಬದಲಿಸಿದ, ಬೀಗದ ಕೈಯ ಸ್ವಿಚ್ಚು ಬದಲಿಸಿದ, ಸ್ವಿಚ್ಚಿನಿಂದ ತಮ್ಮವರೆಗೆ ಹೊಸ ತಂತಿ ಎಳೆದ, ಅದೂ ಸಾಲದೆಂದು ನಡುವೆ ಒಂದು ರಿಲೇ ಹಾಕಿದ. ಅದಾದ ಮೇಲೆ ಕೆಲವು ದಿನ ಹಾರನ್ ಒತ್ತಿದರೆ ವೈಪರ್ ಆಡುತ್ತಿತ್ತು. ಪ್ರತಿ ಸಲವೂ ಬಲ್ಬಿಗೆ ಎರಡು ತಂತಿ ಕಟ್ಟಿದ ತನ್ನ ಟೆಸ್ಟ್ ಲ್ಯಾಂಪನ್ನು ಬರುವ ತಂತಿಗೆ ಮುಟ್ಟಿಸಿ, ಬಲ್ಬು ಹತ್ತಿದ್ದನ್ನು ತೋರಿಸಿ, "ಕರೆಂಟು ಬತ್ತಾ ಐತಲ್ಲ ಸಾರ್, ಇನ್ನೇನು ಬೇಕು ಇದಕ್ಕೆ? ಇಂಗ್ಲಿಷ್ ಗಾಡಿ, ಇಂಗ್ಲಿಷಲ್ಲಿ ಬೈದು ನೋಡಿ" ಎನ್ನುತ್ತಿದ್ದ. ನಾನು ಬೈದೂ ನೋಡಿದೆ. ಅಷ್ಟೇ ಅಲ್ಲ, ಕಾರಿನ ಹಳೆಯ ಕೈಪಿಡಿಯನ್ನು ತರಿಸಿ, ಅಡಿಗೆರೆ ಹಾಕಿ ಓದಿ, ಅವನಿಗೂ ವಿವರಿಸಿದೆ. ಹೀಗೆ ಓದಿದವನು, ಓದದವನು ಇಬ್ಬರೂ ಸೇರಿ ಬರುವ ದಾರಿಯನ್ನೇ ಕಾದೆವು. ಬಂದ ಕರೆಂಟು ಕೆಲಸ ಮುಗಿಸಿ ವಾಪಸು ಹೋಗಲು ಒಂದು ದಾರಿ ಬೇಕಲ್ಲ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಕಚೇರಿಗೆ ಅರ್ಜಿ ಬಂತೇ ಎಂದಷ್ಟೇ ನೋಡಿ ಸಂಬಳ ಎಣಿಸಿದವನಿಗೆ ಅದು ಹೊಳೆಯುವುದಾದರೂ ಹೇಗೆ?

ಈಗ ಮೊನ್ನೆಯ ಸಂಗತಿ. ಅಕ್ಕನ ಬೆಳೆ ಚೆನ್ನಾಗಿ ಬಂದಿತ್ತು, ಗೂಡು ಬಿಡಿಸಿ ಆಗಿತ್ತು. ಆದರೆ ಹಬ್ಬವೆಂದು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ರಜೆ ಬಂದು ಮಾರಾಟ ಮುಂದಕ್ಕೆ ಹೋಯಿತು. ಗೂಡು ಕಾಯುವ ವಸ್ತುವಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಬಂತೆಂದರೆ ಎಳೆ ತುಂಡಾಗಿ, ರೇಷ್ಮೆ ತೆಗೆಯಲು ಬಾರದೆ, ಅಕ್ಕನ ಒಂದು ತಿಂಗಳ ನಿದ್ದೆಗೆಟ್ಟ ದುಡಿಮೆಯೆಲ್ಲ ತೂತುಬಿದ್ದ ಹತ್ತಿಯಾಗುತ್ತದೆ. ಮೊನ್ನೆ ಬೆಳಗಿನ ಹರಾಜೇ ಕೊನೆಯ ಅವಕಾಶ. ಸದಾ ಅವಳ ಗೂಡು ಸಾಗಿಸುವ ಟೆಂಪೊದ ಬಯ್ಯಪ್ಪ ಅಂದು ಚಿಂತಾಮಣಿಗೆ ಟೊಮೇಟೊ ಹೊರಲು ಒಪ್ಪಿಕೊಂಡುಬಿಟ್ಟಿದ್ದ. ಅಕ್ಕ ಪಕ್ಕದ ಊರಿನ ಆಟೋಕ್ಕೆ ಹೇಳಿ ಕಳಿಸುವವಳಿದ್ದಳು. ಆಗ ಬಾಯಿ ತೆರೆದವನು ನಾನು. ಕಾರು ಇರುವಾಗ ಆಟೋ ಏಕೆ ಎಂದೆ. ಅಕ್ಕ ನನ್ನನ್ನು ಒಂದು ಕ್ಷಣ ನೋಡಿ, "ನೋಡಪ್ಪ, ಇದು ಬಿರಿಯಾನಿ ಅಲ್ಲ, ಆಮೇಲೆ ಹೋಗಿ ತಿನ್ನೋಕೆ. ನಿನ್ನ ಗಾಡಿ ಇವತ್ತು ನಿಂತ್ರೆ, ನಾಳೆಯಿಂದ ಅದು ನನ್ನ ಹುಳುಮನೆ ಬಾಗಿಲು ತುಳಿಯಾಂಗಿಲ್ಲ" ಎಂದಳು. ನಾನು ನಕ್ಕೆ. ಆ ನಗುವಿಗಾಗಿ ತಮ್ಮ ಕ್ಷಮೆ ಕೋರುತ್ತೇನೆ.

ಒಂದು ಮೂಟೆ ಸೀಟಿನ ಹಿಂದೆ, ಇನ್ನೊಂದು ಅಕ್ಕನ ತೊಡೆಯ ಮೇಲೆ, ಮೂಟೆಗೆ ದೃಷ್ಟಿ ತಾಗದಿರಲೆಂದು ಅದರ ಮೇಲೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕುಡುಗೋಲು. ಹೀಗೆ ನಮ್ಮ ಮೆರವಣಿಗೆ ಹೊರಟಿತು. ಊರು ದಾಟುವವರೆಗೆ ತಾವು ಹುಳು ಸೊಪ್ಪು ಮೇಯುವ ಸದ್ದಿನಷ್ಟು ಹಿತವಾಗಿ ಟಿಕ್ಕೆನ್ನುತ್ತಿದ್ದಿರಿ. ಕೆರೆ ಏರಿಯ ನಡುವೆ, ಒಂದು ಕಡೆ ನೀರು ಇನ್ನೊಂದು ಕಡೆ ಇಳಿಜಾರು ಇರುವಲ್ಲಿ, ತಳ್ಳಲೂ ಆಗದ, ತಿರುಗಿಸಲೂ ಆಗದ ಜಾಗವನ್ನು ಅಳೆದು ನೋಡಿದಂತೆ ಆರಿಸಿಕೊಂಡು ಸುಮ್ಮನಾದಿರಿ. ಆ ಆಯ್ಕೆಯಲ್ಲಿ ಕಂಡ ವಿವೇಚನೆಗೆ ನನ್ನ ಅಭಿನಂದನೆಗಳು.

ಎದುರಿನಿಂದ ಬಂದದ್ದು ಬಯ್ಯಪ್ಪನ ಟೆಂಪೊ, ನೆತ್ತಿಯವರೆಗೆ ಟೊಮೇಟೊ ಕ್ರೇಟು, ಒಂದು ಗೂಡಿಗೂ ಜಾಗವಿಲ್ಲ. ಅವನು ಗಾಡಿ ನಿಲ್ಲಿಸಿ ಇಳಿದದ್ದು ಸಹಾಯಕ್ಕೆಂದು ನಾನು ಭಾವಿಸಿದೆ. ಅವನು ಸುತ್ತ ಒಂದು ಪ್ರದಕ್ಷಿಣೆ ಬಂದು, "ಏನ್ ಸಾರ್, ಗಂಗುಲಕ್ಕನ್ನ ನೀರಿನ ತೊಟ್ಟೀಲಿ ಕೂರಿಸ್ಕೊಂಡು ಬಂದಂಗೈತೆ" ಎಂದ. ಅಕ್ಕ ಕೂತಲ್ಲಿಂದಲೇ, "ನಿನ್ನ ಟೊಮೇಟೊ ಕೊಳೀಲೋ ಬಯ್ಯಪ್ಪ, ಹೋಗೋ ದಾರಿ ನೋಡು" ಎಂದು ಹರಸಿ ಕಳಿಸಿದಳು. ಅನಂತರ ನನ್ನ ಕಡೆಗೆ ತಿರುಗಿದಳು. ಬೈದಿದ್ದರೆ ಸಹಿಸಬಹುದಿತ್ತು. ಅವಳು ಮೂಟೆಯಿಂದ ಒಂದು ಗೂಡು ತೆಗೆದು ಕಿವಿಯ ಬಳಿ ಅಲುಗಿಸಿ, "ಒಳಗೆ ಅಲ್ಲಾಡ್ತಾ ಐತೆ ಕಣೋ, ತಡೆಯಾಂಗಿಲ್ಲ" ಎಂದಷ್ಟೇ ಹೇಳಿದಳು. ತಮ್ಮ ಸದ್ದಿಲ್ಲದ ಆ ಏರಿಯ ಮೇಲೆ ಆ ಸಣ್ಣ ಸದ್ದು ನನಗೆ ಎಷ್ಟು ದೊಡ್ಡದಾಗಿ ಕೇಳಿತೆಂದು ತಮಗೆ ಹೇಗೆ ತಿಳಿಸಲಿ?

ನಾನು ಪಂಚೆ ಎತ್ತಿಕಟ್ಟಿ ಹಿಂಚಕ್ರದ ಬಳಿ ಮಲಗಿ, ರಮೇಶ್‌ಬಾಬುವಿನಿಂದ ಎರವಲು ತಂದಿದ್ದ ಟೆಸ್ಟ್ ಲ್ಯಾಂಪನ್ನು ಬರುವ ತಂತಿಗೆ ಮುಟ್ಟಿಸಿದೆ. ಬಲ್ಬು ಹತ್ತಿತು. ಕರೆಂಟು ಬರುತ್ತಿದೆ ಎಂದು ಘೋಷಿಸಿದೆ. "ಬಂದು ಏನು ಮಾಡ್ತಾ ಐತಂತೆ?" ಎಂದು ಕೇಳಿದ ಅಕ್ಕ, ಉತ್ತರಕ್ಕೆ ಕಾಯದೆ ಕುಡುಗೋಲು ಹಿಡಿದು ಬಂದು ಬಗ್ಗಿ, "ಓಡ್ತೀಯೋ, ಇಲ್ಲಾ ಕೊಯ್ಯಲೋ?" ಎಂದು ಅದರ ತುದಿಯನ್ನು ತಮ್ಮ ಮೈಗೆ ಒತ್ತಿದಳು. ತಾವು ಟಿಕ್ಕೆಂದಿರಿ. ಕುಡುಗೋಲು ತೆಗೆದಳು, ಸುಮ್ಮನಾದಿರಿ. ಒತ್ತಿದಳು, ಟಿಕ್. ಅಕ್ಕ ಗೆದ್ದವಳಂತೆ ನನ್ನನ್ನು ನೋಡಿ, "ನಿನ್ನ ಕೈಪಿಡೀಲಿ ಇದು ಬರ್ದಿತ್ತೇನೋ? ಭಯ ಇರಬೇಕು ಅದಕ್ಕೆ, ಭಯ" ಎಂದಳು. ನಾನು ಇದು ಕಾಕತಾಳೀಯವೆಂದೂ, ಯಂತ್ರಗಳಿಗೆ ಭಯವಿಲ್ಲವೆಂದೂ ಮಲಗಿದ ಭಂಗಿಯಲ್ಲಿಯೇ ಒಂದು ಪುಟ್ಟ ಉಪನ್ಯಾಸ ಮಾಡಿದೆ. ಉಪನ್ಯಾಸ ಮುಗಿಯುವ ಹೊತ್ತಿಗೆ ಕಣ್ಣಿಗೆ ಬಿದ್ದದ್ದು ಇಷ್ಟು: ಕುಡುಗೋಲಿನ ತುದಿ ತಮ್ಮ ಮೈಗೆ ತಾಗಿದಾಗ ಅದರ ಬೆನ್ನು ಕಾರಿನ ಕಬ್ಬಿಣದ ಚೌಕಟ್ಟಿಗೆ ತಾಗುತ್ತಿತ್ತು. ಅಕ್ಕನ ಕುಡುಗೋಲು ತಮಗೆ ಅರ್ತಿಂಗ್ ಆಗಿತ್ತು. ಕರೆಂಟಿಗೆ ವಾಪಸು ಹೋಗುವ ದಾರಿ ಸಿಕ್ಕಿತ್ತು.

ಹಾಗಾದರೆ ತಮ್ಮ ಸ್ವಂತ ಅರ್ತಿಂಗ್ ತಂತಿಗೆ ಏನಾಯಿತು? ಟಾರ್ಚು ಬಿಟ್ಟು ನೋಡಿದೆ. ಅದು ಚೌಕಟ್ಟಿನ ಬೋಲ್ಟಿಗೆ ಸೇರುವ ಜಾಗದಲ್ಲಿ ತಾಮ್ರವೆಲ್ಲ ಹಸಿರು ಪಾಚಿಯಾಗಿ, ಬೋಲ್ಟಿನ ಸುತ್ತ ಬಿಳಿಯ ಪುಡಿ ಕಟ್ಟಿ, ಮುಟ್ಟಿದರೆ ಉದುರುತ್ತಿತ್ತು. ಮೂಗಿಗೆ ಹಿಡಿದೆ. ಮೂವತ್ತು ವರ್ಷ ಮೂಸಿದ ವಾಸನೆ ತಪ್ಪುವುದುಂಟೇ? ಬ್ಲೀಚಿಂಗ್ ಪುಡಿ! ನಾನು ಕಾರಿನ ಕೆಳಗಿಂದಲೇ ಗುಡುಗಿದೆ, ನನ್ನ ಕಾರಿಗೆ ಔಷಧಿ ಹೊಡೆದವರು ಯಾರು ಎಂದು. ಅಕ್ಕನಿಗೆ ಒಂದಿಷ್ಟೂ ಅಳುಕಿಲ್ಲ. "ಇನ್ಯಾರು, ನಾನೇ. ಪ್ರತಿ ಬೆಳೆಗೂ ಹೊಡೀತೀನಿ. ಮೇಲೆ ಸ್ವಲ್ಪ, ಕೆಳಗೆ ಜಾಸ್ತಿ. ಒಳಗೆ ಇದ್ದದ್ದಕ್ಕೆಲ್ಲ ಔಷಧಿ, ಮೇಲೂ ಕೆಳಗೂ ಸಂದಿಗೂ. ಯಾರಪ್ಪ ಹೇಳಿಕೊಟ್ಟಿದ್ದು? ಹುಳು ಸಾಕೋ ತಟ್ಟೆಗೊಂದು ನ್ಯಾಯ, ನಿನ್ನ ಕಾರಿಗೊಂದು ನ್ಯಾಯಾನಾ?"

ಮಾನ್ಯರೇ, ಇಡೀ ಜಿಲ್ಲೆಯಲ್ಲಿ ನನ್ನ ಪಾಠವನ್ನು ಒಂದಕ್ಷರ ಬಿಡದೆ ಪಾಲಿಸಿದ ಒಬ್ಬಳೇ ಒಬ್ಬ ರೈತ ಮಹಿಳೆ ಇದ್ದಾಳೆಂದು ನನಗೆ ತಿಳಿದದ್ದು ಹೀಗೆ, ಬೆನ್ನಿಗೆ ಜಲ್ಲಿಕಲ್ಲು ಒತ್ತುತ್ತಿರುವಾಗ. ನಾನು ಮೂಟೆಯ ಹುರಿಯನ್ನು ಬಿಚ್ಚಿ, ಕುಡುಗೋಲನ್ನು ತಮ್ಮ ಮೈಗೂ ಚೌಕಟ್ಟಿಗೂ ಸೇರಿಸಿ ಬಿಗಿದು ಕಟ್ಟಿ, ಕಾರು ಓಡಿಸಿದೆ. ಅಕ್ಕ ದಾರಿಯುದ್ದಕ್ಕೂ ಬಾಯಿ ಬಿಚ್ಚಿದ ಮೂಟೆಯನ್ನು ಅವುಚಿಕೊಂಡು, ಹಳ್ಳ ಬಂದಾಗಲೆಲ್ಲ ಹಿಂದಕ್ಕೆ ತಿರುಗಿ, "ಹುಷಾರು! ಕುಡುಗೋಲು ಅಲ್ಲೇ ಐತೆ" ಎಂದು ತಮ್ಮನ್ನು ಎಚ್ಚರಿಸುತ್ತಿದ್ದಳು. ತಾವು ಒಮ್ಮೆಯೂ ತಪ್ಪಲಿಲ್ಲ.

ಮಾರುಕಟ್ಟೆಯಲ್ಲಿ ಹರಾಜು ಮುಗಿಯುತ್ತ ಬಂದಿತ್ತು. ಮೂಟೆ ಸುರಿದದ್ದೇ ತಡ, ನೂಲು ತೆಗೆಸುವ ಹಿರಿಯರೊಬ್ಬರು ಗೂಡನ್ನು ಹಿಡಿ ಹಿಡಿಯಾಗಿ ಎತ್ತಿ, ಅಲುಗಿಸಿ, ಒಂದೆರಡನ್ನು ಕತ್ತರಿಸಿ ನೋಡಿ, "ಈ ಸಲ ಯಾರ ಗೂಡು ನೋಡಿದ್ರೂ ರೋಗ, ಒಳಗೆ ಕರಗಿ ಕಪ್ಪಾಗೈತೆ. ನಿಂದ್ರಲ್ಲಿ ಒಂದೂ ಇಲ್ಲವಲ್ಲಮ್ಮ, ಅಂಥಾದ್ದೇನು ಮಾಡ್ದೆ?" ಎಂದು ಕೇಳಿದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ಬೆರಳು ತೋರಿಸಿ, "ನಮ್ಮ ತಮ್ಮ ಹೇಳಿಕೊಟ್ಟಂಗೆ ಮಾಡ್ದೆ ಅಷ್ಟೇ" ಎಂದಳು. ಗೂಡು ಅಂದಿನ ಒಳ್ಳೆಯ ಬೆಲೆಗೆ ಹೋಯಿತು. ಸುತ್ತ ನಿಂತ ರೈತರು ನನ್ನನ್ನು ಗೌರವದಿಂದ ನೋಡಿದರು. ಬೆನ್ನೆಲ್ಲ ಕೆಸರು, ತಲೆಯಲ್ಲಿ ಜಲ್ಲಿ, ಕೈಯಲ್ಲಿ ಉರಿಯುತ್ತಲೇ ಇದ್ದ ಟಾರ್ಚು. ನನ್ನ ಮೂವತ್ತು ವರ್ಷದ ಸೇವೆಗೆ ಸಿಕ್ಕ ಏಕೈಕ ಸನ್ಮಾನ ಅದು.

ಆದ್ದರಿಂದ, ದೂರು ಬರೆಯಲು ಕೂತ ನಾನು ಯಾರ ಮೇಲೆ ದೂರು ಬರೆಯಲಿ? ತಮ್ಮ ತಂತಿಯನ್ನು ಕೊಂದ ಔಷಧಿಯೇ ಅಕ್ಕನ ಬೆಳೆಯನ್ನು ಉಳಿಸಿದೆ. ಕಾರಿಗೆ ಮಾತ್ರ ಹೊಡೆಯಬೇಡ ಎಂದು ಹೇಳೋಣವೆಂದರೆ, ಮಂಚಕ್ಕೆ ಹೊಡೆಯಬೇಡಿ, ದೇವರ ಪಟಕ್ಕೆ ಹೊಡೆಯಬೇಡಿ ಎಂದು ಬೇಡುತ್ತಿದ್ದವರನ್ನೆಲ್ಲ ನಾನು ಗದರಿಸಿದ್ದು ಊರಿಗೆ ನೆನಪಿದೆ. ಕಾರನ್ನು ಸದಾ ಹೊರಗೇ ಇಟ್ಟರೆ ಹುಣಸೆ ಮರದ ಇಲಿಗಳು ತಮ್ಮ ಎರಡೂ ತಂತಿಗಳನ್ನು ಪಕ್ಷಪಾತವಿಲ್ಲದೆ ತಿನ್ನುತ್ತವೆ. ಕಾರು ಮಾರ್ಕೆಟ್ಟು ಮುಟ್ಟಿದ್ದರಿಂದ ಅಕ್ಕ ಮಾತಿಗೆ ತಪ್ಪದೆ ತಮಗೆ ಹುಳುಮನೆಯ ಬಾಗಿಲು ತೆರೆದೇ ಇಟ್ಟಿದ್ದಾಳೆ, ಔಷಧಿಯ ಷರತ್ತಿನ ಸಮೇತ.

ಈ ಸನ್ನಿವೇಶದಲ್ಲಿ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳಿವೆ. ಮುಂದೆ ರಜೆ ಹಾಕುವುದಿದ್ದರೆ ಮೊದಲೇ ತಿಳಿಸಿ, ತಮ್ಮ ಜಾಗಕ್ಕೆ ಪ್ರಭಾರಿ ಪಂಪೊಬ್ಬರನ್ನು ನೇಮಿಸಿ ಹೋಗಬೇಕು. ಸಾಧ್ಯವಾದರೆ ತಾವು ಬ್ಲೀಚಿಂಗ್ ಪುಡಿಯನ್ನು ಅಭ್ಯಾಸ ಮಾಡಿಕೊಳ್ಳಬೇಕು. ನಮ್ಮ ಇಲಾಖೆಯಲ್ಲಿ ಎಲ್ಲರೂ ಮಾಡಿಕೊಂಡಿದ್ದೇವೆ. ಅದೂ ಆಗದಿದ್ದರೆ ರೇಷ್ಮೆ ಹುಳುವಿನಂತೆ ಸ್ವಂತ ಖರ್ಚಿನಲ್ಲಿ ತಮ್ಮ ಸುತ್ತ ಒಂದು ಗೂಡು ಕಟ್ಟಿಕೊಳ್ಳುವ ಬಗ್ಗೆ ಆಲೋಚಿಸಬೇಕು. ನನ್ನ ಪಾಲಿನ ಕೆಲಸವನ್ನು ನಾನು ಮಾಡಿದ್ದೇನೆ. ಬೋಲ್ಟನ್ನು ಉಜ್ಜಿ ಬೆಳಗಿ, ಬೆರಳ ಗಾತ್ರದ ಹೊಸ ತಾಮ್ರದ ತಂತಿ ಹಾಕಿ, ಮೇಲೆ ಗ್ರೀಸು ಮೆತ್ತಿದ್ದೇನೆ. ಔಷಧಿ ಹೊಡೆಯುವ ದಿನ ಅಕ್ಕ ನೋಡದ ಸಮಯದಲ್ಲಿ ನನ್ನ ನೌಕರಿಯ ಕಾಲದ ಹಳೆಯ ರೈನ್‌ಕೋಟನ್ನು ತಮ್ಮ ಮೈಗೆ ಸುತ್ತಿಡಲು ನಿರ್ಧರಿಸಿದ್ದೇನೆ. ಮೂವತ್ತು ವರ್ಷದ ಸಿದ್ಧಾಂತವನ್ನು ತಮಗಾಗಿ ಮುರಿಯುತ್ತಿದ್ದೇನೆಂಬುದು ತಮ್ಮ ಗಮನದಲ್ಲಿರಲಿ, ಗುಟ್ಟಾಗಿಯೂ ಇರಲಿ.

ಇಂತು, ಅರ್ತಿಂಗ್ ಸರಿಯಿರುವಷ್ಟು ಕಾಲ
ತಮ್ಮ ವಿಶ್ವಾಸಿ,
ಆವುಲಪ್ಪ
(ನಿವೃತ್ತ, ಕಾರು ತಳ್ಳುವುದರಿಂದ ಇನ್ನೂ ನಿವೃತ್ತಿ ಸಿಕ್ಕಿಲ್ಲ)

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲೇ ಔಷಧಿ ಹೊಡೆಯುವ ದಿನ ಬಂತು. ಮೇಲೆ ಬರೆದಂತೆ ತಮಗೆ ರೈನ್‌ಕೋಟು ಸುತ್ತಿ, ಏನೂ ಅರಿಯದವನಂತೆ ಬಾಗಿಲಲ್ಲಿ ನಿಂತು ಪೇಪರು ಓದುತ್ತಿದ್ದೆ. ಅಕ್ಕ ಕಾರಿನ ಕೆಳಗೆ ಬಗ್ಗಿ ನೋಡಿದಳು, ರೈನ್‌ಕೋಟನ್ನು ಬಿಚ್ಚಿ ಅದಕ್ಕೆ ಎರಡೂ ಕಡೆ ಹೊಡೆದಳು, ಆಮೇಲೆ ಅದರ ಒಳಗಿದ್ದ ತಮಗೆ ಎಂದಿಗಿಂತ ಎರಡು ಪಟ್ಟು ಹೊಡೆದಳು. ನಾನು ಪೇಪರು ಕೆಳಗಿಳಿಸಿದ್ದನ್ನು ಕಂಡು, "ನೋಡಿದ್ಯೇನೋ ಆವುಲಪ್ಪ, ನೀನು ಹೇಳಿದ್ದು ಎಷ್ಟು ನಿಜ! ಮುಚ್ಚಿಟ್ಟ ಜಾಗದಲ್ಲೇ ರೋಗ ಇರೋದು" ಎಂದಳು. ಕುಡುಗೋಲು ಸೀಟಿನ ಕೆಳಗಿದೆ, ನಮ್ಮಿಬ್ಬರಿಗೂ ನೆನಪಿರಲಿ.